ಬನಾಜ್ ಹೇಳಿದ್ಳು, ಐದು ಸಲ ಹೇಳಿದ್ಳು

ಕೊಲೆ ಆಗೋಕೆ ಆರು ವಾರ ಮುಂಚೆನೇ, ಕೊಲ್ಲೋಕೆ ಹೊರಟಿರೋರು ಯಾರು ಅನ್ನೋ ಪಟ್ಟಿ ಪೊಲೀಸರ ಕೈಲಿತ್ತು. ಬರ್ದು ಕೊಟ್ಟಿದ್ದು ಕೊಲೆ ಆಗಬೇಕಿದ್ದ ಹುಡುಗಿನೇ. 2005ರ ಡಿಸೆಂಬರ್ 12, ದಕ್ಷಿಣ ಲಂಡನ್ನಿನ ಮಿಚಮ್, ಒಂದು ಕಾಗದ, ಅದರಲ್ಲಿ ಒಂದಷ್ಟು ಗಂಡಸರ ಹೆಸರು, ನಂಗೇನಾದ್ರೂ ಆದ್ರೆ ಇವರೇ ಅನ್ನೋ ಅರ್ಥದ ಮಾತು. ಅವಳ ಇಪ್ಪತ್ತನೇ ಹುಟ್ಟುಹಬ್ಬಕ್ಕೆ ಆಗ ನಾಲ್ಕೇ ದಿನ ಬಾಕಿ. ಆ ಪಟ್ಟಿಲಿದ್ದ ಹೆಸರುಗಳಲ್ಲಿ ಕೆಲವು ಮುಂದೆ ಕೊಲೆ ಕೇಸಿನ ತೀರ್ಪಲ್ಲೂ ಬಂದ್ವು.

ಅವಳ ಹೆಸರು ಬನಾಜ್ ಮಹಮೂದ್. ಇರಾಕಿನ ಕುರ್ದಿಸ್ತಾನದ ಕಲಾದಿಜೆ ಅನ್ನೋ ಊರಲ್ಲಿ 1985ರಲ್ಲಿ ಹುಟ್ಟಿದ ಹುಡುಗಿ. ಇರಾನ್ ಗಡಿ ಹತ್ರದ ಆ ಊರನ್ನ 1989ರಲ್ಲಿ ಸದ್ದಾಂ ಸರ್ಕಾರ ಜನಾನ ಓಡಿಸಿ ಇಡೀ ನೆಲಸಮ ಮಾಡ್ತು, ಅಂದ್ರೆ ಇವಳಿಗೆ ನಾಲ್ಕು ವರ್ಷ ತುಂಬೋ ಮುಂಚೆನೇ ಹುಟ್ಟಿದ ಊರೇ ಇಲ್ಲ. ಕುಟುಂಬ 90ರ ದಶಕದಲ್ಲಿ ಆಶ್ರಯ ಕೇಳ್ಕೊಂಡು ಇಂಗ್ಲೆಂಡಿಗೆ ಬಂತು. ಅಪ್ಪ, ಅಮ್ಮ, ಐದು ಜನ ಹೆಣ್ಮಕ್ಕಳು, ಒಬ್ಬ ಮಗ. ಇದನ್ನ ಮೊದಲೇ ಹೇಳ್ತಿರೋದು ಯಾಕೆ ಅಂದ್ರೆ, ಇವರೆಲ್ಲಾ ಹುಟ್ಟಾ ಕ್ರೂರಿಗಳು ಅಂತ ಕೈ ತೊಳ್ಕೊಂಡು ಮುಂದೆ ಹೋಗೋದು ತುಂಬಾ ಸುಲಭ. ಊರು ಕಳ್ಕೊಂಡು, ಭಾಷೆ ಬಾರದ ದೇಶದಲ್ಲಿ ಬಂದು ಬಿದ್ದ ಜನ, ಅವರ ಕೈಲಿ ಉಳ್ಕೊಂಡಿದ್ದು ಕುಲ, ಸಂಬಂಧ, ಊರಿನವರ ಮುಂದೆ ಒಂದು ಹೆಸರು ಅಷ್ಟೇ, ಆ ಹೆಸರನ್ನ ಹೆಣ್ಮಕ್ಕಳ ಮೈಮೇಲೆ ಹೊರಿಸಿಬಿಟ್ರು. ಕಾರಣ ತಿಳ್ಕೊಂಡ ಮಾತ್ರಕ್ಕೆ ನಾನು ಯಾರನ್ನೂ ಬಿಟ್ಟುಕೊಡ್ತಿಲ್ಲ. ಅದೇ ಊರಿಂದ, ಅದೇ ಕಷ್ಟ ಉಂಡು ಬಂದ ಎಷ್ಟೋ ಕುರ್ದಿಷ್ ಅಪ್ಪಂದಿರು ಮಕ್ಕಳನ್ನ ಓದಿಸಿ ಅವರ ಪಾಡಿಗೆ ಬಿಟ್ಟಿದ್ದಾರೆ.

ಕುರ್ದಿಷ್ ಜನ ಇದಕ್ಕೆ ಬಳಸೋ ಪದ ನಾಮೂಸ್. ಅದರ ಪಕ್ಕದಲ್ಲೇ ಶರಫ್ ಅಂತ ಇನ್ನೊಂದು ಪದ ಇದೆ. ಶರಫ್ ಅಂದ್ರೆ ಗಂಡಸು ದುಡಿದು, ದಾನ ಮಾಡಿ, ಧೈರ್ಯ ತೋರಿಸಿ ಗಳಿಸೋ ಗೌರವ, ಅದು ಹೆಚ್ಚೂ ಆಗುತ್ತೆ ಕಮ್ಮಿನೂ ಆಗುತ್ತೆ. ನಾಮೂಸ್ ಹಾಗಲ್ಲ. ಅದು ಇರೋದು ಮನೆ ಹೆಣ್ಮಕ್ಕಳ ನಡತೆಲಿ, ಗಳಿಸೋಕೆ ಬರಲ್ಲ, ಕಳ್ಕೊಳ್ಳೋಕೆ ಮಾತ್ರ ಬರುತ್ತೆ. ನಮ್ಮಲ್ಲಿ ಮನೆ ಮಾನ ಹೋಯ್ತು ಅಂತೀವಲ್ಲ, ಆ ಮಾತಿನ ತೂಕ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ. ಕನ್ನಡ ಪತ್ರಿಕೆಗಳಲ್ಲಿ ಮರ್ಯಾದಾ ಹತ್ಯೆ ಅಂತಾನೂ ಬರೀತಾರೆ, ಮರ್ಯಾದೆಗೇಡು ಹತ್ಯೆ ಅಂತಾನೂ ಬರೀತಾರೆ. ನಾನು ಎರಡನೇದನ್ನೇ ಬಳಸ್ತೀನಿ, ಯಾಕಂದ್ರೆ ಮೊದಲನೇದು ಕೊಂದವನ ಕಡೆ ನಿಂತು ಮಾತಾಡ್ತಾ ಇದೆ ಅನ್ಸುತ್ತೆ.

ಈ ಮನೇಲಿ ಮೊದಲು ಎದುರು ನಿಂತಿದ್ದು ಬನಾಜ್ ಅಲ್ಲ, ಅಕ್ಕ ಬೇಖಾಲ್. ಹದಿಹರೆಯದಲ್ಲೇ ಅವಳು ಮನೆಯವರು ನೋಡಿದ್ದ ಮದುವೆ ಒಲ್ಲೆ ಅಂದು ಮನೆ ಬಿಟ್ಟು ಹೋದ್ಲು. ಒಡಹುಟ್ಟಿದವನೇ ಡಂಬೆಲ್ ತಗೊಂಡು ತಲೆಗೆ ಹೊಡೆದ, ಅವಳು ಹೇಗೋ ಉಳ್ಕೊಂಡ್ಲು. ಒಬ್ಬಳು ಮಗಳು ಹೀಗೆ ಹೊರಟುಹೋದ್ರೆ ಏನಾಗುತ್ತೆ ಅಂದ್ರೆ, ಉಳಿದವರ ಮದುವೆ ಬೇಗ ಬೇಗ ಆಗುತ್ತೆ. ಬನಾಜ್‌ಗೆ 17ಕ್ಕೆ ಮದುವೆ ಮಾಡಿದ್ರು, ತಂಗಿ ಪೇಜಿಗೆ 16ಕ್ಕೆ. ಬನಾಜ್ ಗಂಡ ಅವಳಿಗಿಂತ ಸುಮಾರು ಹತ್ತು ವರ್ಷ ದೊಡ್ಡವನು, ಮದುವೆಗೆ ಮುಂಚೆ ಅವನನ್ನ ನೋಡಿದ್ದೇ ಮೂರು ಸಲ. ಮದುವೆ ಆದ್ಮೇಲೆ ಲಂಡನ್ ಬಿಟ್ಟು ವೆಸ್ಟ್ ಮಿಡ್‌ಲ್ಯಾಂಡ್ಸ್ ಕಡೆ ಹೋದ್ಲು. ಅಲ್ಲಿ ಹೊಡೆತ, ಬಲಾತ್ಕಾರ ಎರಡೂ ಆಯ್ತು ಅಂತ ಮುಂದೆ ಪೊಲೀಸರಿಗೆ ಅವಳೇ ಹೇಳಿದ್ದಾಳೆ. ಬೇಕಾದಾಗ ಕಾಲಿಗೆ ಹಾಕ್ಕೊಳೋ ಚಪ್ಪಲಿ ತರ ನನ್ನ ಬಳಸ್ತಿದ್ದ, ಅಂತ.

2005ರಲ್ಲಿ ಗಂಡನ ಬಿಟ್ಟು ತವರಿಗೆ ಬಂದ್ಲು. ಅಲ್ಲಿಗೆ ಕಷ್ಟ ಮುಗೀಬೇಕಿತ್ತು. ಆದ್ರೆ ಗಂಡನ ಬಿಟ್ಟು ಬಂದಿದ್ದೇ ಮನೆಗೆ ಕಳಂಕ, ಅದರ ಮೇಲೆ ಅವಳಿಗೆ ರಹಮತ್ ಸುಲೇಮಾನಿ ಅನ್ನೋ ಹುಡುಗನ ಮೇಲೆ ಪ್ರೀತಿ ಆಯ್ತು. ಅವನೂ ಕುರ್ದನೇ, ಆದ್ರೆ ಇರಾನಿನ ಕುರ್ದ. ಮನೆಗೆ ಬಂದು ಹೋಗಿ ಪರಿಚಯ ಇದ್ದವನು, ಆದ್ರೆ ಕುಟುಂಬ ಆರಿಸಿದವನಲ್ಲ, ಕುಲದವನೂ ಅಲ್ಲ. ಅಷ್ಟು ಸಾಕಾಯ್ತು.

ಇಲ್ಲಿ ಚಿಕ್ಕಪ್ಪ ಆರಿ ಮಹಮೂದ್ ಬರ್ತಾನೆ. ದುಡ್ಡಿದ್ದವನು, ಬಿಸಿನೆಸ್ ಮಾಡ್ತಿದ್ದವನು, ಸಮುದಾಯದಲ್ಲಿ ನಾಲ್ಕು ಜನ ಕೇಳೋ ಮನುಷ್ಯ, ಹೆಣ್ಮಕ್ಕಳನ್ನ ಹಿಡಿತದಲ್ಲಿ ಇಟ್ಕೊಳ್ಳೋಕೆ ಬರದವನು ಅಂತ ಅಣ್ಣನನ್ನೇ ಕೀಳಾಗಿ ನೋಡ್ತಿದ್ದವನು. ನೀನು ನನ್ನ ಮಗಳಾಗಿದ್ರೆ ಇಷ್ಟೊತ್ತಿಗೆ ಬೂದಿ ಆಗಿರ್ತಿದ್ದೆ ಅಂತ ಬೇಖಾಲ್‌ಗೆ ಅಂದಿದ್ದನಂತೆ, ಕೋರ್ಟಲ್ಲಿ ಬೇಖಾಲೇ ಹೇಳಿದ್ದು. 2005ರ ಡಿಸೆಂಬರ್ 2ರಂದು ಈ ಆರಿ ಒಂದು ಸಭೆ ಕರೆದ. ಮನೆ ಗಂಡಸರು ಕೂತು ಮಾತಾಡಿದ್ರು. ಬನಾಜ್ ಮತ್ತೆ ರಹಮತ್ ಇಬ್ಬರನ್ನೂ ಮುಗಿಸಬೇಕು ಅಂತ ತೀರ್ಮಾನ ಆಯ್ತು.

ಈ ಸಭೆ ಅನ್ನೋದನ್ನ ಸ್ವಲ್ಪ ನಿಧಾನಕ್ಕೆ ನೋಡಬೇಕು, ಇಡೀ ಕೇಸು ನಿಂತಿರೋದೇ ಇದರ ಮೇಲೆ. ಸಾಮಾನ್ಯ ಕೌಟುಂಬಿಕ ಹಿಂಸೆಲಿ ಒಬ್ಬ ಗಂಡಸು ಇರ್ತಾನೆ, ಅವನಿಗೆ ಕೋಪ ಬರುತ್ತೆ, ಹೊಡೀತಾನೆ. ಹೆಂಗಸು ಅವನಿಂದ ದೂರ ಹೋದ್ರೆ ತವರಿದೆ, ಅಣ್ಣ ತಮ್ಮ ಇದ್ದಾರೆ, ಅತ್ತೆ ಚಿಕ್ಕಮ್ಮ ಇದ್ದಾರೆ ಅಂತ ಪೊಲೀಸರು ಲೆಕ್ಕ ಹಾಕ್ತಾರೆ. ನಾಮೂಸ್ ವಿಷಯದಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗು. ಇಲ್ಲಿ ಕೋಪದ ಮಾತೇ ಇಲ್ಲ, ಇರೋದು ಕೂತು ಚರ್ಚೆ ಮಾಡಿ ಒಪ್ಪಿ ಕೆಲಸ ಹಂಚಿಕೊಂಡ ತೀರ್ಮಾನ. ಯಾರು ಕರ್ಕೊಂಡು ಬರಬೇಕು, ಯಾರು ಮನೆ ಖಾಲಿ ಮಾಡಿಕೊಡಬೇಕು, ಯಾರು ಮಾಡಬೇಕು, ಯಾರು ಹೆಣ ಸಾಗಿಸಬೇಕು. ತವರು ಅನ್ನೋ ಜಾಗನೇ ಅಪಾಯದ ಜಾಗ ಆಗಿಬಿಟ್ಟಿರುತ್ತೆ. ಇದು ಗೊತ್ತಿಲ್ಲದ ಪೊಲೀಸು ಒಳ್ಳೆ ಮನಸ್ಸಿಂದಾನೇ ಹುಡುಗಿನ ಮನೆಗೆ ಬಿಟ್ಟು ಬರ್ತಾನೆ.

ಬನಾಜ್‌ಗೆ ಇದೆಲ್ಲಾ ಗೊತ್ತಿತ್ತು, ಸ್ಪಷ್ಟವಾಗಿ ಗೊತ್ತಿತ್ತು. ಡಿಸೆಂಬರ್ 2ರ ಸಭೆಗೂ ಮುಂಚೆನೇ ಪೊಲೀಸರ ಮುಂದೆ ಕೂತು ವಿಡಿಯೋ ಹೇಳಿಕೆ ಕೊಟ್ಟಿದ್ಳು. ಗಂಡ ಏನು ಮಾಡಿದ, ಈಗ ಗಂಡಸರು ಕಾರಲ್ಲಿ ಹೇಗೆ ಹಿಂದೆ ಬರ್ತಿದ್ದಾರೆ ಎಲ್ಲಾ ಹೇಳಿದ್ಳು. ಹೇಳಿ ಮುಗಿಸಿ, ನಾನು ಹೇಳೋದು ಹೇಳಿದೀನಿ, ಈಗ ನೀವೇನು ಮಾಡ್ತೀರ ಅಂತ ಕೇಳಿದ್ಳು. ಆ ವಿಡಿಯೋ ಈಗ್ಲೂ ಇದೆ. ಅತ್ತು ಕರೆದು ಮಾಡಲ್ಲ, ದನಿ ತಗ್ಗಿಸಿ, ಒಂದೊಂದೇ ಮಾತು ಜೋಡಿಸಿಕೊಂಡು ಹೇಳ್ತಾಳೆ. ನಾನು ಅದನ್ನ ನೋಡಿದ ದಿನದಿಂದ ಆ ಪ್ರಶ್ನೆ ಕಿವಿಲಿ ಹಾಗೇ ಇದೆ.

ಡಿಸೆಂಬರ್ 4ಕ್ಕೆ ಮತ್ತೆ ಸ್ಟೇಷನ್‌ಗೆ ಹೋಗಿ ಸಭೆ ವಿಷಯ ಹೇಳಿದ್ಳು. 12ಕ್ಕೆ ಆ ಹೆಸರುಗಳ ಕಾಗದ. ಆಮೇಲೆ ಬಂತು ಡಿಸೆಂಬರ್ 31.

ಹೊಸ ವರ್ಷದ ಹಿಂದಿನ ರಾತ್ರಿ. ಅಪ್ಪ ಅವಳನ್ನ ವಿಂಬಲ್ಡನ್‌ನಲ್ಲಿದ್ದ ಅಜ್ಜಿ ಮನೆಗೆ ಕರ್ಕೊಂಡು ಹೋದ. ಮನೇಲಿ ಬೇರೆ ಯಾರೂ ಇಲ್ಲ. ಜೀವಮಾನದಲ್ಲಿ ಕುಡಿಯದ ಹುಡುಗಿಗೆ ಬ್ರಾಂಡಿ ಕೊಟ್ಟು ಕುಡಿ ಕುಡಿ ಅಂತ ಬಲವಂತ ಮಾಡಿದ. ಪರದೆ ಎಳೆದಿತ್ತು. ಅಪ್ಪ ಒಳಗೆ ಬಂದಾಗ ಅವನ ಕೈಗೆ ಗ್ಲೌಸ್, ಕಾಲಿಗೆ ಶೂ. ಮನೆಯೊಳಗೆ ಗ್ಲೌಸ್ ಹಾಕ್ಕೊಂಡು ನಿಂತ ಅಪ್ಪನನ್ನ ನೋಡಿದ ಕ್ಷಣಕ್ಕೆ ಅವಳಿಗೆ ಗೊತ್ತಾಗಿಹೋಯ್ತು. ಹಿಂದಿನ ಬಾಗಿಲಿಂದ ತೋಟಕ್ಕೆ ಓಡಿ, ಪಕ್ಕದ ಮನೆ ಕಿಟಕಿ ಗಾಜನ್ನ ಬರಿಗೈಲಿ ಒಡೆದ್ಲು, ಯಾರಾದ್ರೂ ಹೊರಗೆ ಬರಲಿ ಅಂತ. ಕೈಯೆಲ್ಲಾ ಕೊಯ್ದು ರಕ್ತ. ಬರಿಗಾಲಲ್ಲಿ ರಸ್ತೆಗೆ ಓಡಿ, ಒಂದು ಕೆಫೆ ಹತ್ರ ಹೋಗಿ ಕುಸಿದುಬಿದ್ಲು. ಅಪ್ಪ ನನ್ನ ಕೊಲ್ಲೋಕೆ ನೋಡಿದ ಅಂತ ಸಿಕ್ಕವರಿಗೆಲ್ಲಾ ಹೇಳಿದ್ಳು.

ಬಂದ ಪೊಲೀಸ್ ಅಧಿಕಾರಿಗೆ ಏನು ಕಾಣ್ತು? ಬಾಯಿ ತುಂಬಾ ಬ್ರಾಂಡಿ ವಾಸನೆ ಇರೋ ಹುಡುಗಿ, ಒಡೆದ ಕಿಟಕಿ. ಇವಳು ನಾಟಕ ಮಾಡ್ತಿದ್ದಾಳೆ ಅನ್ಸ್ತು. ಗಾಜು ಒಡೆದಿದ್ದಕ್ಕೆ ಇವಳ ಮೇಲೇ ಕೇಸು ಹಾಕೋಣವಾ ಅನ್ನೋವರೆಗೂ ಯೋಚನೆ ಹೋಯ್ತು. ಗಾಜಿನ ಚೂರು ಕಣ್ಣಿಗೆ ಬಿತ್ತು, ಆ ಗಾಜನ್ನ ಬರಿಗೈಲಿ ಒಡೆಯೋಷ್ಟು ಭಯ ಒಬ್ಬ ಹುಡುಗಿಗೆ ಯಾಕೆ ಬರುತ್ತೆ ಅನ್ನೋದು ಬೀಳಲಿಲ್ಲ. ಹತ್ತೊಂಬತ್ತು ದಿನ ಮುಂಚೆ ಇದೇ ಹುಡುಗಿ ಬರ್ದು ಕೊಟ್ಟ ಕಾಗದ ಇದೇ ಇಲಾಖೆಲಿ ಬಿದ್ದಿದೆ, ಅದನ್ನ ಇದಕ್ಕೆ ಯಾರೂ ಜೋಡಿಸಲಿಲ್ಲ.

ಆ ರಾತ್ರಿ ಆಸ್ಪತ್ರೆಲಿ ರಹಮತ್ ತನ್ನ ಮೊಬೈಲ್ ತೆಗೆದು ಅವಳ ಮಾತನ್ನ ರೆಕಾರ್ಡ್ ಮಾಡ್ಕೊಂಡ. ಆಗಿನ ಕಾಲದ ಮೊಬೈಲ್, ಚಿತ್ರ ಮಸುಕು ಮಸುಕು. ಹಾಸಿಗೆ ಮೇಲೆ ಮಲಗಿ ಅವಳು ನಡೆದಿದ್ದೆಲ್ಲಾ ಹೇಳ್ತಾಳೆ. ಪೊಲೀಸ್ ಮಾಡಬೇಕಾದ ಕೆಲಸವನ್ನ ಪ್ರೀತಿ ಮಾಡಿದ ಹುಡುಗ ಮಾಡಿದ, ಮುಂದೆ ಕೋರ್ಟಲ್ಲಿ ಸಾಕ್ಷಿಯಾಗಿದ್ದು ಅದೇ ರೆಕಾರ್ಡು.

ಅವಳು ವಾಪಸ್ ಮನೆಗೆ ಹೋದ್ಲು. ಯಾಕೆ ಹೋದ್ಲು ಅಂತ ತುಂಬಾ ಜನ ಕೇಳ್ತಾರೆ, ನನಗೆ ಈ ಪ್ರಶ್ನೆ ಕೇಳಿದ್ರೆ ಸಂಕಟ ಆಗುತ್ತೆ. ಇಪ್ಪತ್ತು ವರ್ಷದ ಹುಡುಗಿ, ದೇಹಕ್ಕೆ ಗಾಯ, ಅಮ್ಮ ತಂಗೀರು ಎಲ್ಲಾ ಅಲ್ಲೇ ಇದ್ದಾರೆ. ಅಮ್ಮ ಇರೋವಾಗ ಮನೆಯೊಳಗೆ ಏನೂ ಆಗಲ್ಲ ಅಂತ ನಂಬಿದ್ಳು. ಅಮ್ಮನ್ನ ನಂಬೋದು ತಪ್ಪು ಅಂತ ಯಾವ ಮಗುವಿಗೆ ಯಾರು ಕಲಿಸ್ತಾರೆ?

ಇಬ್ಬರೂ ದೂರ ಆದ್ವಿ ಅಂತ ಮನೆಯವರ ಮುಂದೆ ನಟಿಸಿದ್ರು, ಕದ್ದು ಕದ್ದು ಭೇಟಿ ಆಗ್ತಿದ್ರು. ಜನವರಿ ಮೂರನೇ ವಾರದಲ್ಲಿ ಬ್ರಿಕ್ಸ್‌ಟನ್‌ನಲ್ಲಿ ಇಬ್ಬರೂ ಒಟ್ಟಿಗೆ ಇದ್ದಿದ್ದನ್ನ ಸಮುದಾಯದವರು ಯಾರೋ ನೋಡಿದ್ರು, ಸುದ್ದಿ ಆರಿಗೆ ಮುಟ್ಟಿತು. ಲಂಡನ್ ಎಷ್ಟು ದೊಡ್ಡ ಊರು ಅಂತೀವಿ, ಆದ್ರೆ ಕಣ್ಗಾವಲಿಗೆ ಬಿದ್ದ ಹೆಣ್ಣಿಗೆ ಅದು ಹಳ್ಳಿಗಿಂತ ಚಿಕ್ಕದು. ಜನವರಿ 22ಕ್ಕೆ ನಾಲ್ಕು ಜನ ರಹಮತ್‌ನ ಕಾರಿಗೆ ಹತ್ತಿಸಿಕೊಳ್ಳೋಕೆ ನೋಡಿದ್ರು. ಅವನು ಹೋಗಲಿಲ್ಲ. ನಿಮ್ಮಿಬ್ಬರನ್ನೂ ಕೊಲ್ತೀವಿ, ಇಂಗ್ಲಿಷರ ತರ ಬಾಯ್‌ಫ್ರೆಂಡ್ ಗರ್ಲ್‌ಫ್ರೆಂಡ್ ಅನ್ನೋದು ನಮ್ಮಲ್ಲಿಲ್ಲ ಅನ್ನೋ ಧಾಟಿಲಿ ಬೆದರಿಸಿ ಹೋದ್ರು. ಮರುದಿನ 23ಕ್ಕೆ ಬನಾಜ್ ಮತ್ತೆ ಸ್ಟೇಷನ್‌ಗೆ. ಈ ಸಲ ಪೊಲೀಸರು ಸುರಕ್ಷಿತ ಜಾಗಕ್ಕೆ ಹೋಗು ಅಂದ್ರು, ಅವಳು ಅಮ್ಮ ಇದ್ದಾಳೆ ಅಂತ ಮನೆಗೇ ಹೋದ್ಲು. ನಾಳೆ ಬಂದು ಹೇಳಿಕೆ ಕೊಡ್ತೀನಿ ಅಂದಿದ್ಳು.

24ರ ಬೆಳಿಗ್ಗೆ ಅಪ್ಪ ಅಮ್ಮ ಅವಳೊಬ್ಬಳನ್ನೇ ಬಿಟ್ಟು ಮನೆಯಿಂದ ಹೊರಗೆ ಹೋದ್ರು. ಮೊಹಮದ್ ಹಮಾ, ಮೊಹಮ್ಮದ್ ಅಲಿ, ಒಮರ್ ಹುಸೇನ್ ಅನ್ನೋ ಮೂರು ಜನ ಒಳಗೆ ಬಂದ್ರು. ಎರಡು ಗಂಟೆಗೂ ಹೆಚ್ಚು ಹೊತ್ತು ಹಿಂಸೆ ಕೊಟ್ಟು, ಕೆಡಿಸಿ, ಕುತ್ತಿಗೆ ಬಿಗಿದು ಕೊಂದ್ರು. ಇದಕ್ಕಿಂತ ಹೆಚ್ಚು ಬರೆಯೋದು ಬೇಡ. ಮಾನ ಉಳಿಸೋಕೆ ಅಂತ ಹೊರಟವರು ಅವಳಿಗೆ ಏನು ಮಾಡಿದ್ರು ಅನ್ನೋದು ಮಾತ್ರ ಗೊತ್ತಿರಬೇಕು.

25ಕ್ಕೆ ಫೋನ್ ಎತ್ತದೇ ಇದ್ದಾಗ ರಹಮತ್ ಪೊಲೀಸರ ಹತ್ರ ಓಡಿದ. ಮನೆಗೆ ಹೋದ ಪೊಲೀಸರಿಗೆ ಅಪ್ಪ ಅಮ್ಮ ತಣ್ಣಗೆ, ಅವಳಿಗೆ ಬೇಕಾದಾಗ ಬರ್ತಾಳೆ ಹೋಗ್ತಾಳೆ, ಕಾಣೆ ಏನೂ ಆಗಿಲ್ಲ ಅಂದ್ರು. ಕೊನೆಗೆ ಕೇಸು ಕ್ಯಾರೊಲಿನ್ ಗೂಡ್ ಅನ್ನೋ ಪತ್ತೇದಾರಿ ಅಧಿಕಾರಿಯ ತಂಡಕ್ಕೆ ಬಂತು. ಈ ಕೇಸಲ್ಲಿ ನಾನು ಗೌರವದಿಂದ ಹೇಳೋ ಪೊಲೀಸ್ ಹೆಸರು ಇದೊಂದೇ. ಆಕೆಗೆ ವಿಚಿತ್ರ ಅನ್ನಿಸಿದ್ದು ಏನು ಅಂದ್ರೆ, ಮಗಳು ಕಾಣೆ ಆದ ಮನೆಯವರು ಪೊಲೀಸರಿಗೆ ಫೋನ್ ಮಾಡಿ ಏನಾಯ್ತು ಅಂತ ಕೇಳ್ತಾರೆ ಅಲ್ವಾ, ಇಲ್ಲಿ ಮನೆಯವರಿಗೆ ಪತ್ತೆಯಾಗೋದೇ ಬೇಡ, ಸಮುದಾಯದಿಂದ ಬರ್ತಿದ್ದಿದ್ದು ಸುಳ್ಳು ಇಲ್ಲಾ ಮೌನ. ಸತ್ತವಳ ಪರವಾಗಿ ಕೇಳೋಕೆ ಪೊಲೀಸರನ್ನ ಬಿಟ್ರೆ ಉಳಿದಿದ್ದು ರಹಮತ್ ಮತ್ತೆ ಬೇಖಾಲ್. ಫೋನ್ ಕರೆಗಳ ಜಾಡು ಹಿಡಿದು ಹೋದ್ರೆ ಅದು ಬರ್ಮಿಂಗ್‌ಹ್ಯಾಮ್ ಕಡೆ ಕರ್ಕೊಂಡು ಹೋಯ್ತು. ಏಪ್ರಿಲ್ 28, 2006, ಹ್ಯಾಂಡ್ಸ್‌ವರ್ತ್‌ನ ಒಂದು ಮನೆ ಹಿತ್ತಲು, ಆಳವಾದ ಗುಂಡಿ, ಒಳಗೆ ಸೂಟ್‌ಕೇಸ್. ಮೂರು ತಿಂಗಳು ಅವಳು ಅದರಲ್ಲಿದ್ಳು.

ಜೈಲಲ್ಲಿದ್ದ ಹಮಾ ತನ್ನ ಗೆಳೆಯನ ಹತ್ರ ಕೊಲೆ ಬಗ್ಗೆ ಮಾತಾಡ್ತಾ ನಕ್ಕಿದ್ದು ಗುಪ್ತ ರೆಕಾರ್ಡಿಂಗಲ್ಲಿ ಸಿಕ್ಕಿತು. ಅವನು ತಪ್ಪು ಒಪ್ಕೊಂಡ. 2007ರ ಜೂನ್‌ನಲ್ಲಿ ಓಲ್ಡ್ ಬೈಲಿ ಕೋರ್ಟು ಅಪ್ಪನನ್ನೂ ಆರಿನೂ ಅಪರಾಧಿ ಅಂತು, ಜುಲೈನಲ್ಲಿ ಮೂವರಿಗೂ ಜೀವಾವಧಿ, ಅಪ್ಪನಿಗೆ ಕನಿಷ್ಠ 20 ವರ್ಷ, ಆರಿಗೆ 23, ಹಮಾಗೆ 17. ಅಲಿ ಮತ್ತೆ ಹುಸೇನ್ ಇರಾಕಿಗೆ ಓಡಿಹೋಗಿದ್ರು. ಗೂಡ್ ತಂಡ ಬಿಡಲಿಲ್ಲ, ವರ್ಷಗಟ್ಟಲೆ ಹಿಂದೆ ಬಿದ್ದು ಇಬ್ಬರನ್ನೂ ವಾಪಸ್ ತರಿಸ್ತು. ಇರಾಕ್ ಬ್ರಿಟನ್‌ಗೆ ಆರೋಪಿಗಳನ್ನ ಒಪ್ಪಿಸಿದ್ದು ಅದೇ ಮೊದಲು. 2010ರಲ್ಲಿ ಒಬ್ಬನಿಗೆ ಕನಿಷ್ಠ 22, ಇನ್ನೊಬ್ಬನಿಗೆ 21 ವರ್ಷ.

ಬೇಖಾಲ್ ಮುಖ ಮುಚ್ಕೊಂಡು ಕೋರ್ಟಿಗೆ ಬಂದು ಸ್ವಂತ ಅಪ್ಪನ ವಿರುದ್ಧ ಸಾಕ್ಷಿ ಹೇಳಿದ್ಳು. ಅವತ್ತಿಂದ ಹೆಸರು ಊರು ಬದಲಾಯಿಸಿಕೊಂಡು ಬಚ್ಚಿಟ್ಟುಕೊಂಡೇ ಬದುಕ್ತಿದ್ದಾಳೆ, ತಪ್ಪು ಮಾಡಿದವರು ಜೈಲಿಗೆ ಹೋದ್ರು, ಸತ್ಯ ಹೇಳಿದವಳೂ ಒಂಥರ ಜೈಲಲ್ಲೇ. ರಹಮತ್‌ಗೂ ಹೊಸ ಹೆಸರು, ಹೊಸ ಜಾಗ ಕೊಟ್ಟಿದ್ರು. ಅವನು ಆ ನೋವಿಂದ ಹೊರಗೆ ಬರಲೇ ಇಲ್ಲ, 2016ರಲ್ಲಿ ತನ್ನ ಜೀವ ತಾನೇ ತಗೊಂಡ. ಡಿಸೆಂಬರ್ 2ರ ಸಭೆ ಇಬ್ಬರನ್ನ ಮುಗಿಸಬೇಕು ಅಂತ ತೀರ್ಮಾನ ಮಾಡಿತ್ತು.

ಪೊಲೀಸ್ ದೂರು ಆಯೋಗ 2008ರಲ್ಲಿ ವರದಿ ಕೊಟ್ಟು, ಬನಾಜ್‌ಗೆ ಪೊಲೀಸರಿಂದ ಅನ್ಯಾಯ ಆಗಿದೆ ಅಂತ ಹೇಳ್ತು. ಬ್ರಿಟನ್ನಿನಲ್ಲಿ ಬಲವಂತದ ಮದುವೆ ಕೇಸುಗಳಿಗೆ 'ಒಂದೇ ಅವಕಾಶ' ಅಂತ ಒಂದು ನಿಯಮ ಹೇಳಿಕೊಡ್ತಾರೆ. ಹೆಣ್ಮಗಳು ಒಂದೇ ಸಲ ಧೈರ್ಯ ಮಾಡಿ ಬಾಯಿಬಿಡಬಹುದು, ಆ ಒಂದು ಸಲ ನೀನು ಸರಿಯಾಗಿ ಕೇಳದಿದ್ರೆ ಇನ್ನೊಂದು ಅವಕಾಶ ಸಿಗಲ್ಲ ಅಂತ. ಒಳ್ಳೆ ನಿಯಮ. ಬನಾಜ್ ಐದು ಅವಕಾಶ ಕೊಟ್ಟಿದ್ಳು. ಆಮೇಲಾದ್ರೂ ಕಲಿತ್ರಾ ಅಂದ್ರೆ, 2015ರಲ್ಲಿ ಪೊಲೀಸ್ ಪರಿಶೀಲನಾ ಸಂಸ್ಥೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 43 ಪೊಲೀಸ್ ಪಡೆಗಳನ್ನ ನೋಡಿ, ಇಂಥ ಕೇಸಿಗೆ ಎಲ್ಲಾ ರೀತಿಲೂ ತಯಾರಾಗಿರೋದು ಮೂರೇ ಮೂರು ಅಂತು. ಬನಾಜ್ ಸತ್ತು ಒಂಬತ್ತು ವರ್ಷ ಆಗಿತ್ತು.

ಕುರ್ದಿಷ್ ಸಮುದಾಯ ಅಂದ್ರೆ ಆ ಸಭೆಲಿ ಕೂತ ಗಂಡಸರು ಮಾತ್ರ ಅಂತ ಅಂದ್ಕೊಂಡ್ರೆ ಅದು ಅನ್ಯಾಯ, ಹಾಗೆ ಅಂದ್ಕೊಂಡ್ರೆ ಈ ಹೋರಾಟ ಮಾಡಿದ ಹೆಂಗಸರನ್ನ ಎರಡನೇ ಸಲ ಅಳಿಸಿಹಾಕಿದ ಹಾಗೆ. ಇರಾನಿ ಮತ್ತು ಕುರ್ದಿಷ್ ಮಹಿಳಾ ಹಕ್ಕುಗಳ ಸಂಸ್ಥೆಯನ್ನ ಲಂಡನ್ನಲ್ಲಿ 2002ರಲ್ಲಿ ಶುರು ಮಾಡಿದ ಡಯಾನಾ ನಮ್ಮಿ ಕುರ್ದಿಷ್ ಹೆಂಗಸು. ಅದೇ ವರ್ಷ ಪಶ್ಚಿಮ ಲಂಡನ್ನಲ್ಲಿ 16 ವರ್ಷದ ಹೇಶು ಯೂನಸ್ ಅನ್ನೋ ಕುರ್ದಿಷ್ ಹುಡುಗಿನ ಅಪ್ಪನೇ ಕೊಂದಿದ್ದ, ಸ್ವೀಡನ್ನಲ್ಲಿ ಫಾದಿಮೆ ಷಾಹಿಂದಾಲ್‌ನ ಕೊಂದಿದ್ದೂ ಅವಳ ಅಪ್ಪನೇ, ಅವಳು ಸಾಯೋಕೆ ಎರಡೇ ತಿಂಗಳು ಮುಂಚೆ ಅಲ್ಲಿನ ಸಂಸತ್ತಲ್ಲಿ ನಿಂತು ಇದೇ ವಿಷಯ ಮಾತಾಡಿದ್ಳು. ಅತ್ತ ಇರಾಕಿ ಕುರ್ದಿಸ್ತಾನದಲ್ಲೂ ಮಾನದ ಹೆಸರಲ್ಲಿ ಕೊಂದವನಿಗೆ ಶಿಕ್ಷೆ ಕಡಿಮೆ ಮಾಡೋ ಪದ್ಧತಿಯನ್ನ 2000ದ ದಶಕದ ಶುರುವಿನಲ್ಲೇ ಕಾನೂನು ತಂದು ತೆಗೆದ್ರು, 2011ರಲ್ಲಿ ಬಲವಂತದ ಮದುವೆನೂ ಸೇರಿಸಿ ಕೌಟುಂಬಿಕ ಹಿಂಸೆ ವಿರುದ್ಧ ಕಾನೂನು ಬಂತು. ಕಾಗದದ ಮೇಲಿನ ಕಾನೂನು ಮನೆಯೊಳಗೆ ಬರೋಕೆ ಟೈಮ್ ತಗೊಳುತ್ತೆ, ನಿಜ. ಆದ್ರೆ ಅದನ್ನ ಬೀದಿಗಿಳಿದು ಕೇಳಿ ಕೇಳಿ ತಂದಿದ್ದು ಕುರ್ದಿಷ್ ಹೆಂಗಸರೇ.

ತಂಗಿ ಪೇಜಿ ಬಗ್ಗೆ ಹೇಳದೇ ಮುಗಿಸೋಕೆ ಆಗಲ್ಲ. ತನಗಿಂತ ಸುಮಾರು ಎರಡು ಪಟ್ಟು ವಯಸ್ಸಿನವನ ಜೊತೆ 16ಕ್ಕೆ ಮದುವೆ ಆದವಳು. ಅಕ್ಕನ ಕೊಲೆ ಆದ್ಮೇಲೆ ಆ ಮದುವೆಯಿಂದ ಹೊರಗೆ ಬಂದ್ಲು, ವರ್ಷಗಟ್ಟಲೆ ಸುಮ್ಮನಿದ್ಲು, ಆಮೇಲೆ ಮಾತಾಡೋಕೆ ಶುರು ಮಾಡಿ ನಿಲ್ಲಿಸಲೇ ಇಲ್ಲ. ಇಂಗ್ಲೆಂಡಿನ 1949ರ ಮದುವೆ ಕಾನೂನಿನ ಪ್ರಕಾರ 16, 17 ವಯಸ್ಸಿನವರು ಮದುವೆ ಆಗಬೇಕು ಅಂದ್ರೆ ಅಪ್ಪ ಅಮ್ಮನ ಒಪ್ಪಿಗೆ ಬೇಕಿತ್ತು. ಮಕ್ಕಳು ದುಡುಕಿ ಓಡಿಹೋಗಿ ಮದುವೆ ಆಗದೇ ಇರಲಿ, ಹೆತ್ತವರು ತಡೀಲಿ ಅನ್ನೋ ಲೆಕ್ಕ ಅದು. ಹೆತ್ತವರೇ ಮಂಟಪಕ್ಕೆ ತಳ್ಳೋ ಮನೇಲಿ ಆ ರಕ್ಷಣೆ ಏನಾಗುತ್ತೆ ಅಂತ ಪೇಜಿ ಹೋದಲ್ಲೆಲ್ಲಾ ಕೇಳಿದ್ಳು. 2022ರಲ್ಲಿ ಕಾನೂನು ಬದಲಾಯ್ತು, 2023ರ ಫೆಬ್ರವರಿ 27ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮದುವೆ ವಯಸ್ಸು 18, ರಿಜಿಸ್ಟರ್ ಆಗದ ಶಾಸ್ತ್ರದ ಮದುವೆಗೂ ಅದೇ ಲೆಕ್ಕ, ಅದರೊಳಗೆ ಮಾಡಿಸಿದವರಿಗೆ ಏಳು ವರ್ಷದವರೆಗೂ ಜೈಲು. ಅಪ್ಪನ ಸಹಿ ಈಗ ಅಲ್ಲಿ ನಡೆಯಲ್ಲ.